ಆ ಫೋಟೊಗಳಲ್ಲಿ ನಾನೇಕಿಲ್ಲ

ಪುಟ್ಟಿ,

'ಅಮ್ಮಾ, ನನ್ನ ಮೊದಲ ವರ್ಷದ ಫೋಟೊಗಳಲ್ಲೆಲ್ಲ ಅಜ್ಜಿಯೇ ಇದ್ದಾಳೆ, ನೀನೆಲ್ಲಿ?' ಅಂತ ಕೇಳಿದ್ದೆಯಲ್ಲ. ಆಗ ಏನೋ ಹೇಳಿ ಮಾತು ಮರೆಸಿದೆ. ಈಗ ನಿನಗೆ 18 ತುಂಬಿದೆ, ನಿಜ ಹೇಳುತ್ತೇನೆ.

ನೀನು ಹುಟ್ಟಿದ ಮೇಲೆ ನನಗೆ ಖಿನ್ನತೆ ಬಂತು. ಹೆರಿಗೆಯಾದ ಹೊಸತರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ತುಂಬ ತಾಯಂದಿರಿಗೆ ಇದ್ದದ್ದೇ, ಎರಡು ವಾರದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ನನ್ನದು ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ಆದರೆ ನೀನು 'ಊಂ' ಅಂದರೆ ತಿರುಗಿ 'ಊಂ' ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ನಾಲ್ಕನೇ ತಿಂಗಳ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ನನ್ನ ತೊಡೆಯ ಮೇಲೆ ಮಲಗಿ ನೀನು ನಕ್ಕೆ. ನಾನು ನಗಲಿಲ್ಲ. ಕೈಕಾಲು ಬಡಿದು, ಸದ್ದು ಮಾಡಿ, ನೀನು ಇನ್ನೊಮ್ಮೆ ನಕ್ಕೆ. ಆಮೇಲೆ ಮುಖ ತಿರುಗಿಸಿ ಕಿಟಕಿಯ ಪರದೆ ನೋಡುತ್ತಾ ಸುಮ್ಮನಾಗಿಬಿಟ್ಟೆ. ಅಳಲೂ ಇಲ್ಲ. 'ಎಷ್ಟು ಸಾಧು ಮಗು' ಅಂತ ಬಂದವರೆಲ್ಲ ಹೊಗಳುತ್ತಿದ್ದರು.

1970ರ ದಶಕದಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು ಅಂತ ಆಮೇಲೆ ಓದಿದೆ. ತಾಯಿ ಕೆಲವೇ ನಿಮಿಷ ಭಾವವಿಲ್ಲದ ಮುಖ ಮಾಡಿ ಕೂತರೂ ಸಾಕು, ಕೂಸು ಮೊದಲು ಅವಳನ್ನು ಮಾತಿಗೆಳೆಯಲು ನೋಡುತ್ತದೆ, ಆಗದಿದ್ದರೆ ಮುಖ ತಿರುಗಿಸಿಕೊಳ್ಳುತ್ತದೆ. ಮಗುವಿಗೆ ಮಾತು ಕೂಡುವುದು, ಅಳು ನುಂಗಿ ಸಮಾಧಾನವಾಗುವುದು, ಇವಕ್ಕೆಲ್ಲ ಈ ಓಗೊಡುವ ಆಟ ತುಂಬ ನೆರವಾಗುತ್ತದೆ. ಹಾಗಂತ ಪ್ರತಿ ಸಲವೂ ಓಗೊಡುವ ತಾಯಿ ಎಲ್ಲೂ ಇಲ್ಲ. ತಪ್ಪಿದ್ದನ್ನು ಮತ್ತೆ ಹಿಡಿದರೆ ಆಯಿತು. ತಿಂಗಳುಗಟ್ಟಲೆ ಹಿಡಿಯದೇ ಹೋದಾಗ ಮಗು ಕರೆಯುವುದನ್ನೇ ಕಡಿಮೆ ಮಾಡುತ್ತದೆ.

ಆ ತಿಂಗಳುಗಳಲ್ಲಿ ನಿನಗೆ ಓಗೊಟ್ಟವಳು ಅಜ್ಜಿ. ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದವಳೂ ಅವಳೇ. ಅಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ 7 ದಿನಗಳಲ್ಲಿ ನಗಲು ಸಾಧ್ಯವಾಗಿದೆಯೇ ಅನ್ನುವ ಮೊದಲ ಪ್ರಶ್ನೆಗೇ ಕಣ್ಣು ತುಂಬಿ ಬಂತು. ಮಾತ್ರೆ, ಆಪ್ತಸಮಾಲೋಚನೆ ಎರಡೂ ಶುರುವಾದವು. ನನಗೆ ಕೊಟ್ಟ ಆ ಔಷಧಿ ನಿನಗೂ ಔಷಧಿಯೇ ಆಗಿತ್ತು.

ನಿನಗೆ ಮಾತು ತಡವಾಗಿ ಬಂದದ್ದಕ್ಕೆ ನಾನೇ ಕಾರಣ ಅಂತ ವರ್ಷಗಟ್ಟಲೆ ಕೊರಗಿದೆ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ತಡವಾಗಿ ಮಾತಾಡುವ ಮಕ್ಕಳು ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಆದರೆ ನಿನ್ನ ಮೇಲೆ ಪ್ರೀತಿಯಿರಲಿಲ್ಲ ಅಂತ ಮಾತ್ರ ಎಂದೂ ಅಂದುಕೊಳ್ಳಬೇಡ ಕಂದಾ. ಪ್ರೀತಿ ಇತ್ತು, ಅದು ಮುಖದವರೆಗೆ ಬರುತ್ತಿರಲಿಲ್ಲ.

ಆಲ್ಬಮ್‌ನ ಕೊನೆಯ ಪುಟ ಇನ್ನೊಮ್ಮೆ ನೋಡು. ಮಸುಕಾಗಿದೆ ಅಂತ ನೀನು ದಾಟಿಸಿದ ಫೋಟೊ. ಆಗ ನಿನಗೆ 11 ತಿಂಗಳು. ನಾನು ಏನೋ ಹೇಳುತ್ತಿದ್ದೇನೆ, ನೀನು ನನ್ನ ಬಾಯಿಗೆ ಕೈ ಹಾಕಿದ್ದೀಯ.

ನಿನ್ನ
ಅಮ್ಮ