ಸ್ಮಾರಕಕ್ಕೆ ಸಲೀಸಾದ ದಾರಿಯಂತೆ!

ಮಾನ್ಯರೇ,

ಆಗಸ್ಟ್ 13ರ ನಿಮ್ಮ ವರದಿ ನಂಬಿಕೊಂಡು ನಿನ್ನೆ ಕೆಟ್ಟೆವು. 1940ರಲ್ಲಿ ಇಲ್ಲಿ ಕ್ಯಾನ್‌ಬೆರಾ ಬಳಿ ಆಸ್ಟ್ರೇಲಿಯಾದ ಮೂವರು ಮಂತ್ರಿಗಳು ಸತ್ತ ವಿಮಾನ ದುರಂತದ ಸ್ಮಾರಕಕ್ಕೆ ಕಾರಿನಲ್ಲಿ ಸಲೀಸಾಗಿ ಹೋಗಿಬರಬಹುದು ಅಂತ ಬರೆದಿದ್ದಿರಿ. ಬರೆದವರು ಒಮ್ಮೆಯಾದರೂ ಹೋಗಿದ್ದಾರಾ?

ಊರಿಂದ ಬಂದಿರುವ ನಮ್ಮ ಮಾವನವರಿಗೆ 74 ವರ್ಷ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿದವರು. ನೋಡಲೇಬೇಕು ಅಂದರು. ಕ್ಯಾನ್‌ಬೆರಾದ ಆಗಸ್ಟ್ ಚಳಿ ಗೊತ್ತೇ ಇದೆಯಲ್ಲ. ಸ್ಮಾರಕವಿರುವ ಪೈನ್ ತೋಪಿಗೆ ತಿರುಗುವ ಕಡೆ ಬೋರ್ಡೇ ಕಾಣಲಿಲ್ಲ. ಎರಡು ಸಲ ವಿಮಾನ ನಿಲ್ದಾಣದ ತನಕ ವಾಪಸ್ ಬಂದೆವು. ಕೊನೆಗೆ ಸಿಕ್ಕ ಮಣ್ಣುದಾರಿಗೆ ಗೇಟು, ಗೇಟಿಗೆ ಬೀಗ. ತಿರುಗಿಸಲು ಹೋದರೆ ಚಕ್ರ ಕೆಸರಲ್ಲಿ ಹೂತಿತು. ನೂಕಿದ್ದು ನಾನು, ಹೋಗಿದ್ದು ನನ್ನ ಹೊಸ ಶೂ. ಫ್ಲಾಸ್ಕಿನ ಕಾಫಿಯೆಲ್ಲ ಸೀಟಿನ ಮೇಲೆ. ಮಗನ ಈಜು ಕ್ಲಾಸೂ ತಪ್ಪಿತು, ಅದರ ದುಡ್ಡು ವಾಪಸ್ ಕೊಡಲ್ಲವಂತೆ.

ಮಾವನವರ ಸಿಟ್ಟು ಬೇರೆ. ವರದಿ ತುಂಬಾ ಮಂತ್ರಿಗಳೇ: ಫೇರ್‌ಬೇರ್ನ್, ಸ್ಟ್ರೀಟ್, ಗಲೆಟ್. ಜೊತೆಗೆ ಸೇನಾ ಮುಖ್ಯಸ್ಥ ಬ್ರೂಡನೆಲ್ ವೈಟ್. 1940ರ ಯುದ್ಧಕಾಲದಲ್ಲಿ ಪ್ರಧಾನಿ ಮೆನ್ಜಿಸ್ ಸರ್ಕಾರಕ್ಕೆ ಅದು ದೊಡ್ಡ ಪೆಟ್ಟು, ಒಪ್ಪೋಣ. ಆದರೆ ಸತ್ತವರು 10 ಜನ. ಹಡ್ಸನ್ ವಿಮಾನದ ಸಿಬ್ಬಂದಿಯಾಗಿದ್ದ ವೀಸನರ್, ಪಾಮರ್, ಕ್ರಾಸ್‌ಡೇಲ್ ಎಲ್ಲಿ ಹೋದರು? ಪೈಲಟ್ ಹಿಚ್‌ಕಾಕ್ ಹೆಸರು ಬಂದಿರುವುದೂ ಆ ಹಳೇ ಗುಸುಗುಸುವಿಗಾಗಿ. ನಡೆಸುತ್ತಿದ್ದದ್ದು ಅವರೋ, ವಿಮಾನ ಹಾರಿಸಲು ಬಲ್ಲ ಮಂತ್ರಿ ಫೇರ್‌ಬೇರ್ನೋ ಅಂತ. "ಮಂತ್ರಿಗಳು ರೆಕ್ಕೆ ಬಡ್ಕೊಂಡು ಬಂದ್ರಾ?" ಎಂದು ಕೇಳಿದರು ಮಾವ. ಇಳಿಯಲು ತಿರುಗುವಾಗ ವೇಗ ಕಮ್ಮಿಯಾದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತದೆ, ಅದೇ ಸ್ಟಾಲ್. ಆಗ ಹಡ್ಸನ್ ಥಟ್ಟನೆ ಒಂದು ಕಡೆ ವಾಲುತ್ತದೆ. ಅಷ್ಟು ತಗ್ಗಿನಲ್ಲಿ ಸುಧಾರಿಸಿಕೊಳ್ಳಲು ಜಾಗವೇ ಇರಲ್ಲ. ಕೆಸರಲ್ಲಿ ನಿಂತು ಅವರು ಎರಡು ನಿಮಿಷದಲ್ಲಿ ಹೇಳಿದ್ದು ನಿಮ್ಮ ಅರ್ಧ ಪುಟದಲ್ಲಿ ಇಲ್ಲ.

ಇವತ್ತು ಬೆಳಿಗ್ಗೆ ಫೋನ್ ಹಚ್ಚಿದೆ. ಒಂದು ಕಚೇರಿಯವರು ಅದು ಗಡಿಯಾಚೆ, ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದವರನ್ನು ಕೇಳಿ ಅಂದರು. ಆ ಕಡೆಯವರು ಈ ಕಡೆ ತೋರಿಸಿದರು. ಹೋದ ವರ್ಷ ನಮ್ಮ ಬೀದಿಯ ದೀಪ ಕೆಟ್ಟಾಗಲೂ ಹೀಗೇ, ಏಳು ವಾರ ಕತ್ತಲು. ಮನೆ ಮುಂದಿನ ಮರದ ಕೊಂಬೆ ಇನ್ನೂ ನೇತಾಡುತ್ತಿದೆ. ದೂರಿನ ನಂಬರ್ ಮಾತ್ರ ತಕ್ಷಣ ಕೊಡುತ್ತಾರೆ, ಅಷ್ಟಕ್ಕೇನೂ ಕೊರತೆ ಇಲ್ಲ. ದುರಂತವಾಗಿ 20 ವರ್ಷ ಕಳೆದ ಮೇಲೆ, 1960ರಲ್ಲಿ, ಮೆನ್ಜಿಸ್ ಅವರೇ ಬಂದು ಸ್ಮಾರಕ ಅನಾವರಣ ಮಾಡಿದರು. ಪ್ರಧಾನಿ ಬಂದಾಗ ಗೇಟು ತೆಗೆದೇ ಇರುತ್ತೆ ಬಿಡಿ.

ಒಂದು ಬೋರ್ಡ್ ಹಾಕಲಿ. ಇಲ್ಲಾ ಬೀಗವಾದರೂ ತೆಗೆಯಲಿ. ನೀವು ಪೈಲಟ್ ಸೇರಿ ಆ ನಾಲ್ವರು ಸಿಬ್ಬಂದಿಯ ಹೆಸರು ಸರಿಯಾಗಿ ಹಾಕಿ. ಅಧಿಕಾರಿಗಳೂ ಇದನ್ನು ಓದಲಿ, ಓದುವ ಅಭ್ಯಾಸ ಇದ್ದರೆ.

ಇತಿ,
ಕೆಸರು ಮೆತ್ತಿದ ಓದುಗ, ಕ್ಯಾನ್‌ಬೆರಾ