ಪಾರ್ಕಿಂಗಲ್ಲಿ ಸಿಕ್ಕ ಬೆಳಗಾವಿ ಅಣ್ಣನಿಗೆ ಥ್ಯಾಂಕ್ಸ್

ಪುಣೆ ಧಾಯರಿಯ ನಮ್ಮ ಪಾರ್ಕಿಂಗಲ್ಲಿ ಎಲೆಕ್ಟ್ರಿಕ್ ಮೌಂಟೇನ್ ಬೈಕಿನ ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ರ ಚೈನ್ ಕೂರೋ ಹಲ್ಲಿನ ಚಕ್ರ) ಬದಲಾಯಿಸಿಕೊಟ್ಟ ಬೆಳಗಾವಿ ಕಡೆ ಅಣ್ಣಾ, ಹೆಸರೂ ಹೇಳ್ದೆ ಹೋಗ್ಬಿಟ್ರಿ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಸಲೀಸಾಗಿ ಬಿಚ್ಚಿ ಬಂತು, ಚೈನ್‌ರಿಂಗನ್ನ ಹಿಡಿದಿಡೋ ಲಾಕ್‌ರಿಂಗ್ ಮಾತ್ರ ಜಪ್ಪಯ್ಯ ಅಂದ್ರೂ ಅಲುಗಾಡ್ಲಿಲ್ಲ, ಅಷ್ಟ್ರಲ್ಲಿ ನೀವು ಬಂದು "ಜೋರ್ ಮಾಡಬ್ಯಾಡ್ರಿ ಸರ, ಕೆಲವು ಮೋಟರಿಗೆ ಥ್ರೆಡ್ ಉಲ್ಟಾ ಇರತೈತಿ, ಮೊದ್ಲ ಮ್ಯಾನುಯಲ್ ನೋಡೂಣು" ಅಂದ್ರಲ್ಲ, ಅದೇ ದೊಡ್ಡ ಉಪಕಾರ. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗಿಸೋ ಸ್ಪ್ಯಾನರ್) ಇಲ್ದೆ ಬೋಲ್ಟ್ ಟೈಟ್ ಮಾಡೋಕೂ ಬಿಡ್ಲಿಲ್ಲ (ಸ್ವಲ್ಪ ಹಠಮಾರಿನೇ ನೀವು!). 34 ಹಲ್ಲಿನದು ಹೋಗಿ 32 ಬಂತು, ಗೇರ್ ಸುಮಾರು 6% ಹಗುರ, ಸಿಂಹಗಡ ಘಾಟಲ್ಲಿ ಈಗ ಕಾಲು ಚುರುಕಾಗಿ ತಿರುಗುತ್ತೆ, ಮೋಟರೂ ಏದುಸಿರು ಬಿಡಲ್ಲ, ಸಪಾಟು ರೋಡಲ್ಲಿ ಸ್ಪೀಡ್ ಒಂಚೂರು ಕಮ್ಮಿ, ಪರವಾಗಿಲ್ಲ. ಮತ್ತೆ ಈ ಕಡೆ ಬಂದ್ರೆ ಅಮೃತತುಲ್ಯ ಚಹಾ ನಂದು, ಈ ಸಲ ಬ್ಯಾಡ ಅನ್ನಂಗಿಲ್ಲ.