ಆ ಕೂಗಿಗೆ ಕಿವಿಗೊಟ್ಟವರಿಗೆಲ್ಲ

ಕಳೆದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು, ಪ್ರಬಂಧ ಒಪ್ಪಿಗೆಯಾಯಿತು. ಅದರ ಮೊದಲ ಪುಟದ ಕೃತಜ್ಞತೆ ಸಂಸ್ಥೆಗಳ ಹೆಸರು, ಪರವಾನಗಿ ಸಂಖ್ಯೆಗಳಲ್ಲೇ ತುಂಬಿಹೋಗಿದೆ. ಅಲ್ಲಿ ಜಾಗ ಸಿಗದವರ ಋಣ ದೊಡ್ಡದು. ಅದಕ್ಕೇ ಈ ಬರಹ.

ಆರು ವರ್ಷ ನನ್ನನ್ನು ಹಿಡಿದಿಟ್ಟದ್ದು ಮೌಂಟನ್ ಚಿಕನ್ ಎಂಬ ಕಪ್ಪೆ. ಹೆಸರು ಕೇಳಿ ಕೋಳಿಯೆಂದುಕೊಂಡವರು ಬಹಳ. ಮಾಂಸ ಕೋಳಿಯ ಹಾಗಿರುತ್ತದೆಂದು ಬಂದ ಹೆಸರು ಅದು. ಕೆರಿಬಿಯನ್ ಸಮುದ್ರದ ಡೊಮಿನಿಕಾ, ಮಾಂಟ್ಸೆರಾಟ್ ಎಂಬ ಎರಡು ದ್ವೀಪಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆ ಉಳಿದಿರಲಿಲ್ಲ. ಚೆನ್ನಾಗಿ ಬೆಳೆದದ್ದು ಒಂದು ಕಿಲೋವರೆಗೂ ತೂಗುತ್ತದೆ. ಡೊಮಿನಿಕಾದವರಿಗೆ ಇದು ಕ್ರಾಪೋ. ಅವರ ದೇಶದ ಲಾಂಛನದಲ್ಲಿ ಇದರ ಚಿತ್ರವಿದೆ, ಒಂದು ಕಾಲಕ್ಕೆ ಅವರ ಹಬ್ಬದೂಟದಲ್ಲೂ ಇದೇ ಇತ್ತು.

2002ರಲ್ಲಿ ಡೊಮಿನಿಕಾದ ಕಪ್ಪೆಗಳಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ಕಾಣಿಸಿತು. ಕಪ್ಪೆ ಚರ್ಮದ ಮೂಲಕವೇ ನೀರು ಕುಡಿಯುವ, ಉಸಿರಾಡುವ ಜೀವಿ. ಈ ರೋಗ ಚರ್ಮವನ್ನೇ ದಪ್ಪಗಾಗಿಸಿ, ಮೈಯೊಳಗಿನ ಲವಣಗಳ ಸಮತೋಲ ಕೆಡಿಸಿ, ಕೊನೆಗೆ ಹೃದಯವನ್ನು ನಿಲ್ಲಿಸುತ್ತದೆ. ಒಂದೂವರೆ ವರ್ಷದೊಳಗೆ ಅಲ್ಲಿನ ಕಪ್ಪೆಗಳಲ್ಲಿ ಶೇ. 80ರಷ್ಟು ಸತ್ತವು. ಮಾಂಟ್ಸೆರಾಟ್‌ನಲ್ಲಿ 1995ರಿಂದ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ದ್ವೀಪದ ದಕ್ಷಿಣ ಭಾಗವನ್ನೇ ಸುಟ್ಟಿತ್ತು. ಬೂದಿಯಿಂದ ತಪ್ಪಿಸಿಕೊಂಡು ಉಳಿದ ಕಪ್ಪೆಗಳಿಗೆ 2009ರಲ್ಲಿ ಅದೇ ಶಿಲೀಂಧ್ರ ಬಂದು ತಗುಲಿತು. ರೋಗ ತಗುಲದ 50 ಕಪ್ಪೆಗಳನ್ನು ಆ ವರ್ಷವೇ ವಿಮಾನದಲ್ಲಿ ಯುರೋಪಿಗೆ ಸಾಗಿಸದಿದ್ದರೆ ಮಾಂಟ್ಸೆರಾಟ್‌ನ ವಂಶ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲ ನಮಸ್ಕಾರ ಆ ಸಂತತಿಯ ಒಂದು ಗುಂಪನ್ನು ಸಾಕುವ ಮೃಗಾಲಯದ ಅಕ್ಕನಿಗೆ. ನಾನು ಅವರ ಕೈಕೆಳಗೆ ಎರಡು ವರ್ಷ ಇದ್ದೆ. ಒಳಗೆ ಹೋಗುವಾಗ ಬೂಟು ಬದಲು, ಬಟ್ಟೆ ಬದಲು, ಒಂದು ಕಪ್ಪೆ ಮುಟ್ಟಿದ ಗ್ಲೌಸಿನಲ್ಲಿ ಇನ್ನೊಂದನ್ನು ಮುಟ್ಟುವಂತಿಲ್ಲ. ನನ್ನ ಮೊದಲ ತಿಂಗಳಲ್ಲಿ ಆತುರಕ್ಕೆ ಒಮ್ಮೆ ಗ್ಲೌಸು ಬದಲಿಸದೆ ಕೈಯಿಟ್ಟಿದ್ದೆ. ಅವರು ಬೈಯಲಿಲ್ಲ. ಇಡೀ ಸಂಜೆ ನನ್ನ ಜೊತೆ ನಿಂತು ಎಲ್ಲ ತೊಟ್ಟಿಗಳನ್ನೂ ತೊಳೆದರು.

ಈ ಕಪ್ಪೆ ಎಂಥ ತಾಯಿ ಎಂದು ಕಂಡದ್ದೂ ಅವರ ಪಕ್ಕದಲ್ಲೇ. ಇದು ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ನೆಲದೊಳಗಿನ ಬಿಲದಲ್ಲಿ ನೊರೆಯ ಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಆ ನೊರೆಯೊಳಗೇ ಬೆಳೆಯಬೇಕು. ಅಲ್ಲಿ ತಿನ್ನಲು ಏನಿದೆ? ತಾಯಿ ಮತ್ತೆ ಮತ್ತೆ ಬಂದು, ಮರಿಯಾಗದ ಮೊಟ್ಟೆಗಳನ್ನಿಟ್ಟು ಅವಕ್ಕೆ ಉಣಿಸುತ್ತದೆ. ಒಂದು ಗೂಡಿಗೆ 10,000ದಿಂದ 25,000 ಮೊಟ್ಟೆ ಇದಕ್ಕೇ ಹೋಗುತ್ತವೆ. ಆರೇಳು ವಾರದ ಈ ಬಾಣಂತನದ ಕೊನೆಗೆ ಮೇಲೆ ಬರುವ ಮರಿಗಳು ಕೆಲವು ಡಜನ್ ಮಾತ್ರ. ಸಾವಿರಾರು ಮೊಟ್ಟೆಯಿಟ್ಟು ನೀರಿಗೆ ಬಿಟ್ಟುಹೋಗುವ ಕಪ್ಪೆಗಳ ಹಾಗೆ ಇದು ಬೇಗ ಚೇತರಿಸಿಕೊಳ್ಳಲಾರದು. ಗೂಡಿನ ಮೇಲೆ ಕೂತ ತಾಯಿಯನ್ನು ಕ್ಯಾಮರಾದಲ್ಲಿ ನೋಡುತ್ತ ಆ ಅಕ್ಕ, ನಾನು ಮಾತೇ ಆಡದೆ ಕಳೆದ ರಾತ್ರಿಗಳಿವೆ. ಮೊದಲ ವರ್ಷ ನೊರೆ ಕುಸಿದು ಒಂದು ಮರಿಯೂ ಉಳಿಯಲಿಲ್ಲ. ಮುಂದಿನ ವರ್ಷ ಉಳಿದವು. ಮೊದಲ ಮರಿ ಮಣ್ಣಿನಿಂದ ಮೂತಿ ಹೊರಹಾಕಿದಾಗ ಅವರು ನನ್ನ ಕೈ ಹಿಡಿದದ್ದು ಇವತ್ತಿಗೂ ನೆನಪಿದೆ.

ಡೊಮಿನಿಕಾಕ್ಕೆ ಹೋದ ಮೇಲೆ ನನ್ನ ಕೆಲಸ ಕೂಗು ಕೇಳುವುದು. ಮಳೆಗಾಲದ ಮುಸ್ಸಂಜೆ ಗಂಡು ಕಪ್ಪೆ 'ಊಪ್' ಎಂದು ಕೂಗುತ್ತದೆ, ಕಣಿವೆಯ ಆಚೆಗೂ ಕೇಳಿಸುವ ಹಾಗೆ. ಮೊದಲ ವರ್ಷ ಒಂದೂ ಕೇಳಲಿಲ್ಲ. ಎರಡನೆಯ ವರ್ಷ ಜಾರಿಬಿದ್ದು ಮಣಿಕಟ್ಟು ಮುರಿಯಿತು, ಅದೇ ಹೊತ್ತಿಗೆ ಹಣ ಕೊಡುತ್ತಿದ್ದವರೂ ಕೈಬಿಟ್ಟರು. ಬಿಟ್ಟುಬರುವ ಮನಸ್ಸಾಗಿತ್ತು. ಬಾಡಿಗೆ ಕೇಳದೆ ಮೂರು ತಿಂಗಳು ಇರಗೊಟ್ಟು, ಬಲಗೈ ಕಟ್ಟಿಕೊಂಡ ನನಗೆ ದಿನಾ ಬೇಯಿಸಿದ ಕೆಸುವಿನ ಗೆಡ್ಡೆ ಹೆಚ್ಚಿ ಕೊಟ್ಟ ಮನೆಯೊಡತಿಯನ್ನು ನಾನು ಅಮ್ಮಾ ಎಂದೇ ಕರೆಯುತ್ತಿದ್ದೆ. ಅವರ ಭಾಷೆಯಲ್ಲಿ ಅದು ಏನೂ ಅಲ್ಲ, ಆದರೂ ಓಗೊಡುತ್ತಿದ್ದರು. 2017ರ ಮರಿಯಾ ಚಂಡಮಾರುತದಲ್ಲಿ ಸೂರು ಹಾರಿಹೋದ ಮನೆ ಅದು. ಅಂಥ ಮನೆಯಲ್ಲಿ ನನಗೆ ಕೋಣೆಯಿತ್ತು ಎಂಬುದನ್ನು ನಾನು ಮರೆಯಬಾರದು.

ಇನ್ನು ನಾನು ಅಜ್ಜ ಎನ್ನುವ, ಡೊಮಿನಿಕಾದ ಹಳೆಯ ಬೇಟೆಗಾರ. ಎಳೆಯ ವಯಸ್ಸಿನಿಂದ ಪಂಜು ಹಿಡಿದು ಕ್ರಾಪೋ ಹಿಡಿದವರು. ಬೇಟೆ ನಿಷೇಧವಾಗುವುದಕ್ಕೆ ಮೊದಲೇ, ಸಿಗುವ ಕಪ್ಪೆಗಳು ಸೊರಗಿರುವುದನ್ನು ಕಂಡು ತಾವಾಗಿ ಬಿಟ್ಟವರು. ಬೇಟೆಗಾರರನ್ನು ಸಂರಕ್ಷಣೆಯ ಶತ್ರುಗಳೆಂದೇ ಓದಿಕೊಂಡು ಹೋಗಿದ್ದ ನನಗೆ, ಯಾವ ಇಳಿಜಾರಿನಲ್ಲಿ ಯಾವ ತಿಂಗಳು ಬಿಲ ತೋಡುತ್ತವೆ, ಯಾವ ಹಳ್ಳದ ಬಳಿ ಬಿಸಿಲು ಬಿದ್ದು ನೆಲ ಬೆಚ್ಚಗಿರುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಬೆಚ್ಚಗಿನ ಜಾಗ ಈ ಶಿಲೀಂಧ್ರಕ್ಕೆ ಒಗ್ಗುವುದಿಲ್ಲ. 2019ರಲ್ಲಿ ಮಾಂಟ್ಸೆರಾಟ್‌ಗೆ ಮರಳಿಸಿದ ಕಪ್ಪೆಗಳಿಗೆ ಆವರಣದೊಳಗೆ ಕೊಳದ ನೀರು ಬಿಸಿಮಾಡಿ, ಮರಗಳ ನೆರಳು ತೆಳುಮಾಡಿದ್ದು ಇದೇ ಕಾರಣಕ್ಕೆ. ಮಂಡಿನೋವಿದ್ದರೂ ಅಜ್ಜ ಬೂಟುಗಳಿಗೆ ಸೋಂಕುನಿವಾರಕ ಹಾಕಿ ಉಜ್ಜುವುದನ್ನು ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಮೂರನೆಯ ವರ್ಷ, ಜೂನ್ ತಿಂಗಳ ಒಂದು ರಾತ್ರಿ, ಮಳೆ ನಿಂತ ಮೇಲೆ ಕೂಗು ಕೇಳಿಸಿತು. ಜಾಗದ ಹೆಸರು ಬರೆಯುವುದಿಲ್ಲ. 2023ರಲ್ಲಿ ಡೊಮಿನಿಕಾದಲ್ಲಿ ನಡೆದ ಸಮೀಕ್ಷೆಯಲ್ಲಿ ಸಿಕ್ಕ ಕಪ್ಪೆಗಳು 21 ಎಂದರೆ, ಯಾಕೆ ಬರೆಯುವುದಿಲ್ಲ ಎಂದು ನಿಮಗೆ ಅರ್ಥವಾದೀತು. ಆ ರಾತ್ರಿ ಅಜ್ಜ ಜ್ವರ ಬಂದು ಮನೆಯಲ್ಲಿದ್ದರು. ರೆಕಾರ್ಡರ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಪುಸ್ತಕದಲ್ಲಿ 'ಗಂಡು, ಒಂದು' ಎಂದು ಬರೆದುಕೊಂಡೆ.

ಬೆಳಿಗ್ಗೆ ಅವರ ಹಾಸಿಗೆಯ ಪಕ್ಕ ಕೂತು ಅದನ್ನು ಕೇಳಿಸಿದೆ. ಕಣ್ಣುಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕು ಎಂದರು. ಆಮೇಲೆ ಎರಡು ಬೆರಳು ಎತ್ತಿ ತೋರಿಸಿದರು. ನನಗೆ ಕೇಳಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ನಾಲ್ಕೈದು ಸಲ ಕೇಳಿದ ಮೇಲೆ, ಮೊದಲನೆಯದರ ಹಿಂದೆ, ಬಹಳ ದೂರದಲ್ಲಿ, ಇನ್ನೊಂದು ಸಿಕ್ಕಿತು. ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ 'ಗಂಡು, ಎರಡು' ಎಂದಿದೆ. ಆ ಎರಡನೆಯದು ಅಜ್ಜನದು.